ಕೊನೆಯ ಸಾಲಿನ ಮೈಕು

ಸಂಗೀತ ಕಛೇರಿಗಳ ವಿಮರ್ಶೆ ಓದುವ ಅಭ್ಯಾಸವಿರುವವರಿಗೆ ಒಂದು ವಾಕ್ಯ ಕಂಠಪಾಠವಾಗಿರುತ್ತದೆ. ಆಲಾಪನೆ, ನೆರವಲ್, ಸ್ವರಪ್ರಸ್ತಾರ, ತನಿ ಆವರ್ತನ ಎಲ್ಲದರ ಬಗ್ಗೆ ಹೇಳಿ ಮುಗಿಸಿದ ಮೇಲೆ, ಇನ್ನಷ್ಟು ಜಾಗ ಉಳಿದಿದ್ದರೆ ಅದು ಬರುತ್ತದೆ: ಧ್ವನಿವರ್ಧಕದ ವ್ಯವಸ್ಥೆ ಇನ್ನೂ ಉತ್ತಮವಾಗಿರಬಹುದಿತ್ತು. ನಾನೂ ಇದನ್ನು ಎಷ್ಟೋ ಸಲ ಬರೆದಿದ್ದೇನೆ. ಊಟವನ್ನು ಹೊಗಳಿ ಹೊಗಳಿ, ಕೊನೆಗೆ ಎಲೆ ಹರಿದಿತ್ತು ಎಂದ ಹಾಗೆ. ಆ ಸಂಜೆ ಕೇಳಿದ್ದೆಲ್ಲವೂ ಆ ವ್ಯವಸ್ಥೆಯೊಳಗಿಂದಲೇ ಬಂದದ್ದು. ಆದರೂ ಅದಕ್ಕೂ ಸಂಗೀತಕ್ಕೂ ಸಂಬಂಧವೇ ಇಲ್ಲ ಎಂಬಂತೆ ಬರೆಯುವುದು ನಮ್ಮ ರೂಢಿ.

ಆ ರೂಢಿ ಎಂಥ ಅನ್ಯಾಯ ಮಾಡಿಸುತ್ತದೆ ಎಂಬುದು ನನಗೆ ತಿಳಿದದ್ದು ಒಂದು ವೀಣಾ ಕಛೇರಿಯಿಂದ. ಜಿಲ್ಲಾ ಕೇಂದ್ರವೊಂದರ ಸಭಾಂಗಣ, ಸುಮಾರು ಇನ್ನೂರು ಜನ. ವೀಣೆಯ ನಾದ ತಗಡಿನ ಮೇಲೆ ಬೆರಳು ಬಡಿದಂತೆ ಕೇಳುತ್ತಿತ್ತು. ಮಂದ್ರಸ್ಥಾಯಿ ಇಲ್ಲವೇ ಇಲ್ಲ. ಪ್ರತಿ ಮೀಟೂ ಟಣ್ ಎಂದು ಕಿವಿಗೆ ಚುಚ್ಚುತ್ತಿತ್ತು. ಕಲಾವಿದೆಯ ಮೀಟು ಒರಟು, ನಾದಸೌಖ್ಯದ ಕಡೆ ಗಮನ ಸಾಲದು ಎಂದು ನಾನು ಬರೆದೆ. ಅದು ಅಚ್ಚಾಯಿತು. ವಾರದ ನಂತರ ಆಕೆಯೇ ಫೋನ್ ಮಾಡಿದರು. ಸಿಟ್ಟಿರಲಿಲ್ಲ, ಸುಸ್ತಾದ ದನಿ. "ಸರ್, ನನ್ನ ಪ್ರಿಆ್ಯಂಪ್ ಬಾಕ್ಸಿನ ಸೆಲ್ ಹೋಗಿತ್ತು. ಆ ಹೊತ್ತಿಗೆ ಅಂಗಡಿ ಮುಚ್ಚಿದ್ದರು. ಕಾಂಟ್ಯಾಕ್ಟ್ ಮೈಕನ್ನು ನೇರವಾಗಿ ಮಿಕ್ಸರಿಗೆ ಸಿಕ್ಕಿಸಿದೆವು. ಬೆರಳಿನ ತಪ್ಪಾಗಿದ್ದರೆ ಒಪ್ಪಿಕೊಳ್ಳುತ್ತಿದ್ದೆ."

ಫೋನಿಟ್ಟ ಮೇಲೆ ಪರಿಚಯದ ಮೈಕ್‌ಸೆಟ್ಟಿನವರೊಬ್ಬರನ್ನು ಕೇಳಿದೆ. ವೀಣೆಯ ಮೈಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕು ಗಾಳಿಯಲ್ಲಿ ಬರುವ ಸದ್ದನ್ನು ಹಿಡಿಯುವುದಿಲ್ಲ, ಮರದ ಕಂಪನವನ್ನು ಹಿಡಿಯುತ್ತದೆ. ಅದರೊಳಗಿನ ಪೀಜೋ ಬಿಲ್ಲೆ ಹುಟ್ಟಿಸುವ ವಿದ್ಯುತ್ತು ತೀರಾ ನಾಜೂಕು. ಎದುರಿಗಿರುವ ಉಪಕರಣ ಅದನ್ನು ಹೆಚ್ಚು ಎಳೆದುಕೊಳ್ಳಬಾರದು. ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 10 ಲಕ್ಷ ಓಮ್‌ನಷ್ಟು ತಡೆ ಅಲ್ಲಿರಬೇಕು. ಸಾಮಾನ್ಯ ಮಿಕ್ಸರಿನ ಮೈಕ್ ಕಿಂಡಿಯಲ್ಲಿ ಇರುವುದು ಒಂದೆರಡು ಸಾವಿರ ಓಮ್. ಹಾಗೆ ನೇರ ಸಿಕ್ಕಿಸಿದರೆ ಮೊದಲು ಸಾಯುವುದೇ ಮಂದ್ರ. ಉಳಿಯುವುದು ಮೇಲಿನ ಟಣತ್ಕಾರ ಮಾತ್ರ. ನಡುವೆ ಇರಬೇಕಾದದ್ದು ಅಂಗೈಯಷ್ಟಗಲದ ಒಂದು ಪೆಟ್ಟಿಗೆ. ಅದಕ್ಕೆ ಬೇಕಾದದ್ದು 9 ವೋಲ್ಟಿನ ಒಂದು ಚೌಕ ಸೆಲ್ಲು. ನಾನು ನಾದಸೌಖ್ಯದ ಕೊರತೆ ಎಂದು ಕರೆದದ್ದು ಆ ಸೆಲ್ಲಿನ ಕೊರತೆಯನ್ನು.

ಅಲ್ಲಿಂದೀಚೆಗೆ ಕಲಾವಿದರ ಚೀಲಗಳ ಮೇಲೆ ನನಗೆ ಕಣ್ಣು. ಮೃದಂಗದವರ ಚೀಲದಲ್ಲಿ ರವೆಯ ಪೊಟ್ಟಣ ಇರುತ್ತದೆ, ಶ್ರುತಿ ಸೇರಿಸಲು ಕಲ್ಲು, ಮರದ ತುಂಡು ಇರುತ್ತವೆ. ಎಡಮುಖಕ್ಕೆ ರವೆ ಕಲಸಿ ಮೆತ್ತುವುದನ್ನು ನಾವು ಭಕ್ತಿಯಿಂದ ನೋಡುತ್ತೇವೆ, ಅದು ಪರಂಪರೆ. ಪಿಟೀಲಿನವರು ಕಮಾನಿಗೆ ರಾಳ ತಿಕ್ಕುವುದೂ ಹಾಗೆಯೇ. ಅದೇ ಚೀಲದಿಂದ ಒಂದು ಕ್ಲಿಪ್ ಮೈಕು, ಸುತ್ತಿಟ್ಟ ಕೇಬಲ್ಲು, ಬಟ್ಟೆಯ ಅಂಟುಪಟ್ಟಿಯ ಸುರುಳಿ, ಎರಡು ಪಿನ್ನಿಂದ ಮೂರು ಪಿನ್ನಿಗೆ ಬದಲಿಸುವ ಅಡಾಪ್ಟರ್ ಹೊರಬಂದರೆ ಮಾತ್ರ ಸಭಿಕರು ಗಡಿಯಾರ ನೋಡಿಕೊಳ್ಳುತ್ತಾರೆ. ಇನ್ನೂ ಶುರು ಮಾಡಲಿಲ್ಲವೇ ಎಂದು. ರವೆಯೂ ಅಂಟುಪಟ್ಟಿಯೂ ಮಾಡುವ ಕೆಲಸ ಒಂದೇ ಜಾತಿಯದು ಎಂದು ನನಗೆ ಈಗ ಅನ್ನಿಸುತ್ತದೆ. ಕ್ಲಿಪ್ ಮೈಕನ್ನು ಪಿಟೀಲಿನ ಕುದುರೆಯ ಹತ್ತಿರಕ್ಕೆ ಒಂದು ಬೆರಳಷ್ಟು ಸರಿಸಿದರೆ ಕಮಾನಿನ ಗೀರು ಹೆಚ್ಚುತ್ತದೆ, ದೂರ ಸರಿಸಿದರೆ ಮರದ ನಾದ ಬರುತ್ತದೆ, ತೀರಾ ದೂರ ಹೋದರೆ ಪಕ್ಕದ ಮೃದಂಗವೂ ಅದರೊಳಗೆ ಬಂದು ಕೂರುತ್ತದೆ. ಎಲ್ಲಿ ಇಡಬೇಕು ಎಂಬುದು ತಾಂತ್ರಿಕ ಪ್ರಶ್ನೆ ಎನ್ನುತ್ತೀರಾ? ತನ್ನ ವಾದ್ಯ ಹೇಗೆ ಕೇಳಿಸಬೇಕು ಎಂದು ಒಬ್ಬ ಕಲಾವಿದ ಮಾಡುವ ಆಯ್ಕೆ ಅದು. ವಿಮರ್ಶಕನಿಗೆ ಅದಕ್ಕಿಂತ ಹತ್ತಿರದ ವಿಷಯ ಇನ್ನೇನಿದೆ?

ಇನ್ನೊಂದು ಉದಾಹರಣೆ ಕೊಡುತ್ತೇನೆ, ಇದು ನನಗೆ ಬಹಳ ಇಷ್ಟವಾದದ್ದು. ಪೆಂಡಾಲುಗಳಲ್ಲಿ ಸ್ಪೀಕರಿನಿಂದ ಒಂದು ಗುಂಯ್ ಎನ್ನುವ ಸದ್ದು ಸದಾ ಇರುತ್ತದೆ. ಅರ್ಥಿಂಗ್ ಸರಿಯಿಲ್ಲದೆಯೋ, ಬೇರೆ ಬೇರೆ ಕಡೆಯಿಂದ ಕರೆಂಟು ಎಳೆದ ಉಪಕರಣಗಳನ್ನು ಒಂದಕ್ಕೊಂದು ಜೋಡಿಸಿದ್ದರಿಂದಲೋ ಹುಟ್ಟುವ ಸದ್ದು. ನಮ್ಮ ದೇಶದ ಕರೆಂಟಿನ ಆವರ್ತನ 50 ಹರ್ಟ್ಸ್. ಗುಂಯ್‌ಗಾಟದಲ್ಲಿ ಅದರ ಜೊತೆಗೆ 100, 150, 200 ಎಂದು ಅದರ ಗುಣಕಗಳೂ ಇರುತ್ತವೆ. ಈಗ ಐದು ಮನೆಯ ಶ್ರುತಿಯಲ್ಲಿ ಹಾಡುವ ಗಾಯಕಿಯೊಬ್ಬರನ್ನು ನೆನೆಸಿಕೊಳ್ಳಿ. ಹಾರ್ಮೋನಿಯಂನ ಐದನೆಯ ಬಿಳಿ ಕೀಲಿಯೇ ಅವರ ಆಧಾರ ಷಡ್ಜ. ಅದು ಸುಮಾರು 196 ಹರ್ಟ್ಸ್. ಗುಂಯ್‌ಗಾಟದ 200 ಅದರ ಪಕ್ಕದಲ್ಲೇ ನಿಂತಿದೆ, ಆದರೆ ಅದರ ಮೇಲಲ್ಲ. ಪಕ್ಕದ ಎರಡು ಕೀಲಿಗಳ ನಡುವಿನ ಅಂತರದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚೇ ಏರಿದ ಸ್ವರ ಅದು. ಒಂದು ಮನೆಯ ಶ್ರುತಿಯವರಿಗೂ ಬಿಡುಗಡೆಯಿಲ್ಲ, ಅವರ ಪಂಚಮ ಇರುವುದು ಅಲ್ಲೇ. ಅಂದರೆ ವೇದಿಕೆಯ ಮೇಲೆ ಕಾಣದ ಇನ್ನೊಂದು ತಂಬೂರಿ ಇದೆ, ಅಪಶ್ರುತಿಯದು, ಒಂದು ಕ್ಷಣವೂ ನಿಲ್ಲದೆ ಮೀಟುತ್ತಿದೆ. ಆ ಸಂಜೆ ಗಾಯಕಿಯ ಶ್ರುತಿ ಯಾಕೋ ನಿಲ್ಲುತ್ತಿರಲಿಲ್ಲ ಎಂದು ಬರೆಯುವ ಮೊದಲು ಇದನ್ನು ಕೇಳಿಸಿಕೊಳ್ಳಬೇಕಲ್ಲವೇ? ಅನುಭವಿಗಳು ತಮ್ಮ ಡಿಐ ಬಾಕ್ಸನ್ನು ತಾವೇ ತರುತ್ತಾರೆ. ಅದರ ಬದಿಯಲ್ಲಿ ಅರ್ಥ್ ಬಿಡಿಸುವ ಒಂದು ಪುಟ್ಟ ಸ್ವಿಚ್ ಇರುತ್ತದೆ, ಒತ್ತಿದರೆ ಎಷ್ಟೋ ಸಲ ಆ ತಂಬೂರಿ ಬಾಯಿ ಮುಚ್ಚುತ್ತದೆ. (ಪ್ಲಗ್ಗಿನ ಮೂರನೆಯ ಪಿನ್ನನ್ನೇ ಕಿತ್ತುಹಾಕಿ ಗುಂಯ್‌ಗಾಟ ನಿಲ್ಲಿಸುವವರೂ ಇದ್ದಾರೆ. ಅದು ಜೀವಕ್ಕೆ ಅಪಾಯ. ವಿದ್ಯಾರ್ಥಿಗಳು ದಯವಿಟ್ಟು ಕಲಿಯಬೇಡಿ.)

ಮೈಕು ಬರುವ ಮೊದಲು ಈ ರಗಳೆ ಇರಲಿಲ್ಲ, ಆಗ ಕಂಠ ಮತ್ತು ಬೆರಳು ಮಾತ್ರ ಎನ್ನುವವರು ನಮ್ಮಲ್ಲಿ ಬಹಳ. ಅವರು ಮೈಸೂರು ಟಿ. ಚೌಡಯ್ಯನವರನ್ನು ಮರೆಯುತ್ತಾರೆ. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಚೌಡಯ್ಯ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿದರು. ದೊಡ್ಡ ಸಭೆಗಳಲ್ಲಿ ಹಿಂದೆ ಕೂತವರಿಗೆ ಪಿಟೀಲು ಕೇಳಿಸುತ್ತಿರಲಿಲ್ಲ ಎಂಬುದೇ ಇದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ. ಮುಖ್ಯ ತಂತಿಗಳ ಜೊತೆಗೆ ಸಂಗಾತಿ ತಂತಿಗಳೂ ಒಂದೇ ಕಮಾನಿಗೆ ನುಡಿಯುವ ಏರ್ಪಾಡು. ಇದು ವೇದಿಕೆಯ ಸಲಕರಣೆಯಲ್ಲದೆ ಇನ್ನೇನು? ಸಮಸ್ಯೆ ಸದ್ದಿನದು, ಪರಿಹಾರ ಮರ ಮತ್ತು ತಂತಿಯದು, ಫಲ ಮಾತ್ರ ಒಂದು ಹೊಸ ನಾದ. ಅವರ ಹಳೆಯ ಧ್ವನಿಮುದ್ರಣಗಳನ್ನು ಕೇಳಿದರೆ ಆ ಪಿಟೀಲು ಬರೀ ಜೋರಾಗಿಲ್ಲ, ದಪ್ಪವಾಗಿದೆ. ಒಂದು ಸ್ವರ ತನ್ನ ನೆರಳನ್ನೂ ಜೊತೆಗೆ ಎಳೆದುಕೊಂಡು ಬರುತ್ತದೆ. ಆ ನಾದವನ್ನು ನಾವು ಚೌಡಯ್ಯನವರ ಶೈಲಿ ಎಂದು ಕೊಂಡಾಡುತ್ತೇವೆ, ಕೊನೆಯ ಸಾಲಿಗೆ ತಳ್ಳುವುದಿಲ್ಲ. ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ಇದೆ, 1980ರದು. ಅದರೊಳಗೆ ಈಗ ನುಡಿಯುವ ಪಿಟೀಲುಗಳು ಬಹುತೇಕ ನಾಲ್ಕು ತಂತಿಯವು. ಉಳಿದ ಮೂರು ತಂತಿಗಳ ಕೆಲಸವನ್ನು ಗೋಡೆಯ ಸ್ಪೀಕರುಗಳು ವಹಿಸಿಕೊಂಡಿವೆ.

ವೀಣೆಗೆ ಬಂದರೆ ಮಾತು ಇನ್ನೂ ಸೂಕ್ಷ್ಮವಾಗುತ್ತದೆ. ವೀಣೆಯ ಸ್ವರ ಮೀಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಆ ಬಾಲ ಎಷ್ಟು ದೂರ ಕೇಳಿಸುತ್ತದೆ ಎಂಬುದರ ಮೇಲೆ ಒಂದು ಮೀಟಿನಲ್ಲಿ ಎಷ್ಟು ಸ್ವರ ಎಳೆಯಬಹುದು ಎಂಬುದು ನಿಂತಿದೆ. ಈಮನಿ ಶಂಕರಶಾಸ್ತ್ರಿಗಳಂಥವರು ಕಾಂಟ್ಯಾಕ್ಟ್ ಮೈಕನ್ನು ವೀಣೆಗೆ ತಂದಾಗ ಬದಲಾದದ್ದು ಸದ್ದಿನ ಪ್ರಮಾಣ ಮಾತ್ರವಲ್ಲ. ಒಂದೇ ಮೀಟಿನಲ್ಲಿ ತಂತಿಯನ್ನು ಎಳೆದು ಎಳೆದು, ಮೂರು ನಾಲ್ಕು ಸ್ವರ ಮುಟ್ಟಿ, ಕೊನೆಯ ಉಸಿರಿನಲ್ಲೂ ಒಂದು ಅನುಸ್ವರ ನುಡಿಸುವುದು ದೊಡ್ಡ ಸಭಾಂಗಣದಲ್ಲೂ ಸಾಧ್ಯವಾಯಿತು. ಹಾಡಿನಂತೆ ವೀಣೆ ನುಡಿಸುವ ಆಸೆಗೆ ವಿದ್ಯುತ್ತು ಒತ್ತಾಸೆಯಾಯಿತು.

ಇದಕ್ಕೆ ಎದುರಾಗಿ ಮೈಸೂರು ಬಾನಿಯನ್ನು ಇಟ್ಟು ನೋಡಿ. ವೀಣೆ ಶೇಷಣ್ಣನವರಿಂದ ದೊರೆಸ್ವಾಮಿ ಅಯ್ಯಂಗಾರ್ಯರವರೆಗೆ ಬಂದ ಆ ಬಾನಿಯಲ್ಲಿ ಮೀಟು ಹೆಚ್ಚು, ಎಳೆತ ಕಡಿಮೆ, ಪ್ರತಿ ಸ್ವರಕ್ಕೂ ಒಂದು ಸ್ಪಷ್ಟ ಹುಟ್ಟು. ಅರಮನೆಯ ಹಜಾರದಲ್ಲಿ, ಮೈಕಿಲ್ಲದೆ, ಮೀಟೇ ವೀಣೆಯ ಮಾತು. ಎಳೆತ ದೊರೆಯ ಕಿವಿಗೆ ತಲುಪುವಷ್ಟರಲ್ಲಿ ಕರಗಿಹೋಗುತ್ತಿತ್ತು. ಹಾಗಾದರೆ ತಂಜಾವೂರಿನ ಕಡೆಯ ಎಳೆತದ ವಾದನವೂ ಮೈಕಿಲ್ಲದ ಕಾಲದ್ದೇ ಅಲ್ಲವೇ ಎಂದು ನೀವು ಕೇಳಬಹುದು. ನಿಜ, ನನ್ನ ಊಹೆ ಎಲ್ಲವನ್ನೂ ವಿವರಿಸುವುದಿಲ್ಲ. ಆದರೂ ಇಂದಿನ ವೇದಿಕೆಯಲ್ಲಿ ಮೈಸೂರು ಬಾನಿಯ ಕಷ್ಟ ಏನು ಎಂಬುದಕ್ಕೆ ಅದು ದಾರಿ ತೋರಿಸುತ್ತದೆ. ಎಳೆತವನ್ನು ಎತ್ತಿ ಹಿಡಿಯಲೆಂದು ಸದ್ದು ಏರಿಸಿದ ಕಾಂಟ್ಯಾಕ್ಟ್ ಮೈಕಿನ ಮುಂದೆ ಮೀಟುಗಳ ಸರಮಾಲೆ ನುಡಿಸಿದರೆ ಟಣ ಟಣ ಎನ್ನದೆ ಇನ್ನೇನಾಗುತ್ತದೆ? ಈ ಬಾನಿಗೆ ಬೇಕಾದದ್ದು ವೀಣೆಯ ಎದುರು ಒಂದು ಗೇಣು ದೂರದಲ್ಲಿ ನಿಲ್ಲಿಸಿದ, ಗಾಳಿಯಲ್ಲಿ ಬರುವ ಸದ್ದನ್ನು ಹಿಡಿಯುವ ಒಳ್ಳೆಯ ಕಂಡೆನ್ಸರ್ ಮೈಕು. ಅದಕ್ಕೆ ಮಿಕ್ಸರಿನಿಂದ 48 ವೋಲ್ಟ್ ಹರಿಯಬೇಕು. ಮಿಕ್ಸರಿನಲ್ಲಿ ಆ ಗುಂಡಿ ಇದೆಯೋ ಇಲ್ಲವೋ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು. ಜೊತೆಗೆ ಸ್ಪೀಕರು ಆ ಮೈಕಿನ ಕಡೆಗೆ ಮುಖ ಮಾಡಿರಬಾರದು, ಇಲ್ಲವಾದರೆ ಕೂಗಿಕೊಳ್ಳುತ್ತದೆ. ಒಂದು ಬಾನಿ ಉಳಿಯುವುದಕ್ಕೆ ಶಿಷ್ಯರು ಬೇಕು ಎಂದು ನಾವು ಭಾಷಣ ಮಾಡುತ್ತೇವೆ. ಇಂಥ ಒಂದು ಮೈಕೂ ಬೇಕು ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಹಿಂದೂಸ್ತಾನಿಯ ಕಡೆ ನೋಡಿದರೆ, ನಮ್ಮ ಬೆಳಗಾವಿ ಸೀಮೆಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಮೈಕನ್ನು ವಾದ್ಯದಂತೆ ಬಳಸಿದವರು ಎಂದು ನನಗೆ ಯಾವಾಗಲೂ ಅನ್ನಿಸಿದೆ. ಕ್ಷಯದಿಂದ ನರಳಿ ಎದ್ದ ಶ್ವಾಸಕೋಶ, ಚಿಕ್ಕ ಚಿಕ್ಕ ಉಸಿರು, ಒಮ್ಮೆ ಚಿಮ್ಮುವ ತಾರಸ್ವರ, ಮರುಕ್ಷಣ ಪಿಸುಮಾತಿನಷ್ಟು ಮೆದುವಾದ ಒಂದು ಸ್ವರಗುಚ್ಛ. ಆ ಪಿಸುಮಾತು ಇಪ್ಪತ್ತನೆಯ ಸಾಲಿಗೆ ತಲುಪಬೇಕಾದರೆ ಮೈಕು ಬೇಕೇ ಬೇಕು. ಗಂಗೂಬಾಯಿ ಹಾನಗಲ್ಲರ ತುಂಬುಕಂಠದ ಮುಂದೆ ಅದೇ ಮೈಕು ಬೇರೆಯೇ ಕೆಲಸ ಮಾಡುತ್ತದೆ. ಅದಿರಲಿ.

ಮೈಕನ್ನು ಬೇಡವೆಂದವರಲ್ಲಿ ದೊಡ್ಡ ಹೆಸರು ಪಾಲ್ಘಾಟ್ ಮಣಿ ಅಯ್ಯರ್ ಅವರದು. ಒಂದು ಹಂತದಲ್ಲಿ ಮೈಕಿರುವ ಕಛೇರಿಗಳಲ್ಲಿ ನುಡಿಸಲು ಅವರು ಒಪ್ಪುತ್ತಿರಲಿಲ್ಲ. ಮೃದಂಗದ ಎಡ ಬಲಗಳ ತೂಕವನ್ನು ಕೈಯಲ್ಲೇ ತೂಗಿ ಕೊಡುವವರಿಗೆ, ಆ ತೂಕವನ್ನು ದೂರದಲ್ಲಿ ಕೂತ ಇನ್ನೊಬ್ಬ ಗುಂಡಿ ತಿರುಗಿಸಿ ಬದಲಿಸಬಲ್ಲ ಎಂಬುದು ಸಹಿಸಲಾಗದ ಮಾತು. ಅವರ ಹಟದಲ್ಲಿ ಒಂದು ವಿಮರ್ಶೆಯೇ ಇದೆ. ಈಗ ಮನೆಯ ಪಡಸಾಲೆಗಳಲ್ಲಿ ನಡೆಯುವ ಮೈಕಿಲ್ಲದ ಬೈಠಕ್ಕುಗಳಿಗೆ ನಾನೂ ಹೋಗುತ್ತೇನೆ, ಸುಖಪಡುತ್ತೇನೆ. ಆದರೆ ಅಲ್ಲಿ ಕೂರುವುದು ಐವತ್ತು ಜನ. ಆ ಐವತ್ತರಲ್ಲಿ ಒಬ್ಬರಾಗಲು ಯಾರದಾದರೂ ಪರಿಚಯ ಬೇಕು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಕಛೇರಿಗಳನ್ನು ನೆನೆಯಿರಿ. ಕೋಟೆ ಹೈಸ್ಕೂಲಿನ ಮೈದಾನ, ಪೆಂಡಾಲು, ಹೊರಗೆ ಬಸ್ಸುಗಳ ಹಾರನ್ನು. ಅಲ್ಲಿ ಕೊನೆಯ ಕುರ್ಚಿಯವನಿಗೂ ಆಲಾಪನೆ ತಲುಪುತ್ತದೆ ಎಂದರೆ ಅದು ಮೈಕಿನ ದಯೆ. ಹಾಸ್ಯ ಬರಹಗಾರರ ಮೈಕಾಸುರನಿಗೆ ಇಂಥ ಪುಣ್ಯವೂ ಇದೆ.

ನನ್ನ ತಕರಾರು ಬೇರೆ ಕಡೆ ಇದೆ. ವೇದಿಕೆಯ ಮೇಲೆ ಕೂತವರಿಗೆ ತಮ್ಮ ಸದ್ದು ತಮಗೇ ಕೇಳಿಸಲೆಂದು ಇಡುವ ಸ್ಪೀಕರನ್ನು ನಮ್ಮ ಕರ್ನಾಟಕ ಸಂಗೀತದವರು 'ಫೀಡ್‌ಬ್ಯಾಕ್' ಎನ್ನುತ್ತಾರೆ. ಧ್ವನಿತಂತ್ರಜ್ಞರ ಭಾಷೆಯಲ್ಲಿ ಆ ಪದಕ್ಕೆ ಮೈಕು ಕುಂಯ್ ಎಂದು ಕೂಗುವುದು ಎಂಬ ಅರ್ಥ. ಸ್ಪೀಕರಿಗೆ ಮಾನಿಟರ್ ಎನ್ನಬೇಕು. ಗಾಯಕರು ಕೈಯೆತ್ತಿ "ಫೀಡ್‌ಬ್ಯಾಕ್ ಜಾಸ್ತಿ ಮಾಡಿ" ಎಂದಾಗ ಹೊರದೇಶದ ತಂತ್ರಜ್ಞರು ಬೆಚ್ಚಿಬಿದ್ದರೆ ಆಶ್ಚರ್ಯವಿಲ್ಲ. ನಗು ಹಾಗಿರಲಿ, ಆ ಸ್ಪೀಕರು ಯಾರ ಕಡೆಗೆ ತಿರುಗಿದೆ ಎಂಬುದನ್ನು ನೋಡಿ. ಸಾಮಾನ್ಯವಾಗಿ ಒಂದೇ ಇರುತ್ತದೆ, ಅದು ಗಾಯಕರಿಗೆ. ಪಿಟೀಲಿನವರು ಗಾಯಕರ ಸಂಗತಿಯನ್ನು ಸಭಾಂಗಣದ ಹಿಂಗೋಡೆಗೆ ಬಡಿದು ಬಂದ ಮೇಲೆ ಕೇಳಬೇಕು. ಗೋಡೆ 30 ಮೀಟರು ದೂರದಲ್ಲಿದ್ದರೆ ಸದ್ದು ಹೋಗಿ ಬರಲು ಸೆಕೆಂಡಿನ ಆರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ನಿಮಿಷಕ್ಕೆ 85 ಪೆಟ್ಟಿನ ತಾಳದಲ್ಲಿ ಅದು ಹೆಚ್ಚುಕಡಿಮೆ ಕಾಲು ಪೆಟ್ಟು. ಮೃದಂಗದವರ ಕೈ ಓಡುವುದೇ ಆ ಕಾಲು ಪೆಟ್ಟುಗಳ ಮೇಲೆ. ಪಿಟೀಲು ಒಂದು ಎಳೆ ಹಿಂದೆ ಬೀಳುತ್ತಿತ್ತು ಎಂದು ನಾವು ಬರೆಯುತ್ತೇವೆ; ಇಪ್ಪತ್ತೆರಡರ ಆ ಹುಡುಗ ತಾನು ಕೇಳಿದ್ದಕ್ಕೆ ಸರಿಯಾಗಿಯೇ ನುಡಿಸುತ್ತಿದ್ದ.

ಕೇಳಬಹುದಲ್ಲ, ತನಗೂ ಒಂದು ಮಾನಿಟರ್ ಕೊಡಿ ಎಂದು? ಕೇಳುವುದಿಲ್ಲ. ಹಿರಿಯ ವಿದ್ವಾಂಸರು ಶ್ರುತಿ ಸೇರಿಸಿಕೊಂಡು ಕೂತಾಗ ಪಕ್ಕವಾದ್ಯದ ಹುಡುಗ ಬಾಯಿ ಬಿಟ್ಟು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಕೆಲವರು ತಮ್ಮ ಸಂಭಾವನೆಯಿಂದ ಉಳಿಸಿ, ಚೀಲದಲ್ಲಿ ಹಿಡಿಯುವ ಪುಟ್ಟ ಮಾನಿಟರನ್ನು ತಾವೇ ಕೊಂಡಿದ್ದಾರೆ. ಕೊಳ್ಳಲಾಗದವರು ಊಹೆಯ ಮೇಲೆ ನುಡಿಸುತ್ತಾರೆ. ಕ್ಲಿಪ್ ಮೈಕು ಇರುವ ಪಿಟೀಲಿಗೂ ಸಭೆಯವರು ಕೊಟ್ಟ ಮೈಕಿನ ಮುಂದೆ ಕೂತ ಪಿಟೀಲಿಗೂ ಇರುವ ವ್ಯತ್ಯಾಸವನ್ನು ನಾವು ಪ್ರತಿಭೆಯ ವ್ಯತ್ಯಾಸ ಎಂದು ಅಂಕ ಹಾಕುತ್ತೇವೆ. ಅದರ ಒಂದು ಪಾಲು ದುಡ್ಡಿನ ವ್ಯತ್ಯಾಸ.

ಈ ಚೀಲಗಳಲ್ಲಿ ಅತ್ಯಂತ ಪ್ರಜಾಪ್ರಭುತ್ವದ ವಸ್ತು ಯಾವುದು ಎಂದು ಕೇಳಿದರೆ ಎಲೆಕ್ಟ್ರಾನಿಕ್ ತಂಬೂರಿ ಎನ್ನುತ್ತೇನೆ. ಸ್ವತಃ ಕೊಳಲು ನುಡಿಸುವ ಎಂಜಿನಿಯರ್, ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯ ಹೊತ್ತಿಗೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ರೂಪಿಸಿದರು. ಅವರ ರಾಡೆಲ್ ಪೆಟ್ಟಿಗೆಗಳು ಎಷ್ಟೋ ಸಂಗೀತ ಪಾಠದ ಮನೆಗಳನ್ನು ತಲುಪಿದವು. ಈಗ ಅದು ಮೊಬೈಲಿನ ಆ್ಯಪ್ ಆಗಿದೆ. ಬಸ್ಸಿನಲ್ಲಿ ಓಡಾಡುವ ಕಲಾವಿದರಿಗೆ ಸೋರೆಬುರುಡೆಯ ತಂಬೂರಿ ಹೊರುವುದು ಅಸಾಧ್ಯ, ಅದನ್ನು ಮೀಟಲು ಒಬ್ಬ ಶಿಷ್ಯ ಬೇರೆ. ಈ ಪೆಟ್ಟಿಗೆ ಇಲ್ಲದಿದ್ದರೆ ಎಷ್ಟೋ ಜನ ವೇದಿಕೆಗೆ ಬರುತ್ತಲೇ ಇರಲಿಲ್ಲ. ಹಾಗೆಂದು ಅದರ ಬಳಕೆಯನ್ನೆಲ್ಲ ಒಪ್ಪಲಾರೆ. ನಿಜವಾದ ತಂಬೂರಿಯಲ್ಲಿ ಕುದುರೆಯ ಮೇಲೆ ತಂತಿಯಡಿ ಇಡುವ ನೂಲೆಳೆ ಸ್ವರದ ಒಳಗಿನ ಸ್ವರಗಳನ್ನು ಅರಳಿಸುತ್ತದೆ, ಒಂದು ಮೀಟು ಇನ್ನೊಂದರಂತೆ ಇರುವುದಿಲ್ಲ. ಪೆಟ್ಟಿಗೆಯ ಆವರ್ತ ಮತ್ತೆ ಮತ್ತೆ ಅದೇ. ಅದಕ್ಕಿಂತ ಕೆಟ್ಟದ್ದೆಂದರೆ ಪೆಟ್ಟಿಗೆಯನ್ನು ಮೈಕಿನ ಪಕ್ಕ ಇಟ್ಟು ಅದರ ಪುಟ್ಟ ಸ್ಪೀಕರಿನ ಕೀರಲನ್ನು ದೊಡ್ಡದು ಮಾಡುವುದು. ಬಹಳಷ್ಟು ಪೆಟ್ಟಿಗೆಗಳ ಹಿಂದೆ, ಮೊಬೈಲಿನಲ್ಲಾದರೆ ಇಯರ್‌ಫೋನಿನ ಜಾಗದಲ್ಲಿ, ತಂತಿ ಸಿಕ್ಕಿಸುವ ಕಿಂಡಿ ಇರುತ್ತದೆ. ಒಂದು ತಂತಿ ತಂದು ಅಲ್ಲಿಂದ ಮಿಕ್ಸರಿಗೆ ಕೊಟ್ಟರೆ ತಂಬೂರಿ ಹಿಂದೆ ಸರಿದು ಹಾಸಾಗುತ್ತದೆ, ಮುಂದೆ ಬಂದು ಗಾಯಕರ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ. ಮೊಬೈಲಾದರೆ ಏರೋಪ್ಲೇನ್ ಮೋಡಿಗೆ ಹಾಕುವುದು ಮರೆಯಬಾರದು. ಭೈರವಿಯ ನಡುವೆ ಬ್ಯಾಂಕಿನವರ ಕರೆ ಬಂದದ್ದನ್ನು ನಾನೇ ಕೇಳಿದ್ದೇನೆ.

ಈಚೆಗೆ ನಾನು ಕಛೇರಿಗೆ ಒಂದು ಗಂಟೆ ಮೊದಲೇ ಹೋಗುತ್ತೇನೆ. ಖಾಲಿ ಕುರ್ಚಿಗಳ ನಡುವೆ ಕೂತು ಸೌಂಡ್ ಚೆಕ್ ಕೇಳುತ್ತೇನೆ. ಅದಕ್ಕೆ ಸಮಯ ಕೊಡುವ ಸಂಘಟಕರು ಕಡಿಮೆ. ಹಿಂದಿನ ಭಾಷಣ ಮುಗಿಯುವುದೇ ಕಛೇರಿಯ ಹೊತ್ತಿಗೆ. ಕಳೆದ ವರ್ಷ ಆ ವೀಣಾ ಕಲಾವಿದೆಯ ಕಛೇರಿ ಮತ್ತೊಂದು ಊರಿನಲ್ಲಿತ್ತು. ಹೋದೆ. ಆಕೆ ಎರಡು ಸೆಲ್ಲು ತಂದಿದ್ದರು, ಎರಡರ ಮೇಲೂ ಕೊಂಡ ದಿನಾಂಕ ಬರೆದ ಚೀಟಿ. ಕಾಂಟ್ಯಾಕ್ಟ್ ಮೈಕಿನ ಜೊತೆಗೆ ಎದುರಿಗೊಂದು ಮೈಕು ನಿಲ್ಲಿಸಿ, ಎರಡನ್ನೂ ಬೆರೆಸುವಂತೆ ಮೈಕ್‌ಸೆಟ್ಟಿನ ಹುಡುಗನಿಗೆ ಹೇಳಿದರು. "ಅಣ್ಣಾ, ಎದುರಿನದ್ದು ಮುಖ್ಯ, ಅಂಟಿಸಿದ್ದು ಬರೀ ಬೆಂಬಲಕ್ಕೆ." ಹುಡುಗ ಗುಂಡಿ ತಿರುಗಿಸುತ್ತಾ ಹೋದ, ಆಕೆ ಮಂದ್ರದ ತಂತಿ ಮೀಟುತ್ತಾ ಹೋದರು, ಒಂದು ಹಂತದಲ್ಲಿ ಇಬ್ಬರೂ ಒಟ್ಟಿಗೆ ತಲೆಯಾಡಿಸಿದರು. ಆ ಸಂಜೆಯ ತೋಡಿಯ ಬಗ್ಗೆ ಬರೆಯುವಾಗ ಈ ತಯಾರಿಯ ಬಗ್ಗೆಯೂ ನಾಲ್ಕು ಸಾಲು ಬರೆದೆ, ಅದೂ ಮೊದಲ ಪ್ಯಾರಾದಲ್ಲಿ. ಅಚ್ಚಾಗಿ ಬಂದಾಗ ನೋಡಿದರೆ ಸಂಪಾದಕರು ಆ ನಾಲ್ಕು ಸಾಲನ್ನು ಕತ್ತರಿಸಿದ್ದರು. ಬದಲಿಗೆ ಕೊನೆಯಲ್ಲಿ ತಾವೇ ಒಂದು ವಾಕ್ಯ ಸೇರಿಸಿದ್ದರು: ಧ್ವನಿವರ್ಧಕದ ವ್ಯವಸ್ಥೆ ಉತ್ತಮವಾಗಿತ್ತು.